ವಯರಿಗೆ ಹೊಟ್ಟೆ ಇರಲಿ

ಬೀದಿಯವರೆಲ್ಲ ಅವನನ್ನು ಅಚ್ಚುಕಟ್ಟಪ್ಪ ಎಂದೇ ಕರೆಯುತ್ತಿದ್ದರು. ಕರೆಯದೆ ಇನ್ನೇನು ಮಾಡುತ್ತಾರೆ? ಮೀನಿನ ತೊಟ್ಟಿ ತೊಳೆಯಲು ಬಂದವನು ಹೊಸ್ತಿಲಾಚೆಯ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿಟ್ಟು ಹೋಗುವ ಆಸಾಮಿ. ತೊಟ್ಟಿಯ ಮೇಲೆ ತೂಗುವ ದೀಪದ ವಯರು ಜೋಲು ಬಿದ್ದಿದ್ದರೆ ಅವನಿಗೆ ಕಣ್ಣಲ್ಲಿ ಕಸ ಬಿದ್ದಂತೆ. ಹೆಚ್ಚಾದದ್ದನ್ನು ಮಡಚಿ, ಬಿಳಿ ದಾರದಿಂದ ಬಿಗಿದು, ದೀಪದ ಹಿಂದೆ ಅಡಗಿಸಿದರೇ ಅವನಿಗೆ ಊಟ ರುಚಿಸುತ್ತಿದ್ದುದು. “ಒಂದಿನ ನನ್ನ ಜಡೇನೂ ಮಡಚಿ ಕಟ್ಟಿಬಿಡ್ತೀರ ನೀವು” ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು.

ಅವನಿಗೆ ಈ ಕೆಲಸ ಕಲಿಸಿದವರು ಅಣ್ಣ. ಒಡಹುಟ್ಟಿದವರಲ್ಲ, ಗುರುಗಳು. ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದ. ಅಣ್ಣನ ಬಾಯಲ್ಲಿ ಯಾವಾಗಲೂ ಒಂದೇ ಮಾತು: “ವಯರಿಗೆ ಹೊಟ್ಟೆ ಇರ್ಲಿ ಕಣೋ.” ಅಂದರೆ ವಯರು ಪ್ಲಗ್ಗಿಗಿಂತ ಒಂದು ಗೇಣು ಕೆಳಗೆ ಜೋತು, ಆಮೇಲೆ ಮೇಲಕ್ಕೆ ಹತ್ತಿ ಪ್ಲಗ್ಗು ಸೇರಬೇಕು. ಯಾಕೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಮುದುಕರ ಸೋಮಾರಿತನ ಎಂದುಕೊಂಡ. ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಆರು ತಿಂಗಳ ಹಿಂದೆ ಅಣ್ಣ ತಮ್ಮ ಮನೆಯ ತೊಟ್ಟಿಯ ಮುಂದೆಯೇ ಬಿದ್ದು ತೀರಿಕೊಂಡರು. ಮೊದಲೇ ಹೃದಯದ ಕಾಯಿಲೆ. ಎದೆ ನಿಂತಿತು ಎಂದರು ಡಾಕ್ಟರು. ಅಣ್ಣನ ಋಣ ನೆನೆದು ಅವನು ಈಚೆಗೆ ವಾರಕ್ಕೊಮ್ಮೆ ಹೋಗಿ ಅತ್ತಿಗೆಯ ತೊಟ್ಟಿ ತೊಳೆದುಕೊಡುತ್ತಿದ್ದ.

ಮೊದಲ ವಾರ ಜೋತ ವಯರನ್ನು ಕಟ್ಟಿದ. ಮರುವಾರ ಬಂದರೆ ಅದು ಮತ್ತೆ ಜೋತಿತ್ತು, ಪ್ಲಗ್ಗಿನ ಕೆಳಗೆ ಸರಿಯಾಗಿ ಒಂದು ಗೇಣು. ಅಡುಗೆಮನೆಯ ಸ್ಟೂಲು ತೊಟ್ಟಿಯ ಪಕ್ಕ ಬಂದು ನಿಂತಿತ್ತು. ದಾರವನ್ನು ಯಾರೋ ಉಂಗುರದಂತೆ ಸುತ್ತಿ ತೊಟ್ಟಿಯ ಅಂಚಿನ ಮೇಲಿಟ್ಟಿದ್ದರು. ಅವನ ಗಂಟು ಕತ್ತರಿಸದೆ ಬಿಚ್ಚುವಂಥದ್ದಲ್ಲ. ದಾರ ಮಾತ್ರ ಇಡಿಯಾಗಿತ್ತು.

“ಅತ್ತಿಗೆ, ನೀವ್ಯಾಕೆ ಸ್ಟೂಲು ಹತ್ತೋಕೆ ಹೋದ್ರಿ?”

“ನಾನಾ? ಈ ಸೊಂಟ ಇಟ್ಕೊಂಡು ಹಾಸಿಗೆಯಿಂದ ಏಳೋದೇ ಹೆಚ್ಚು. ನೀನೇ ಕಟ್ಟೋದು ಮರೆತಿರ್ತೀಯ.”

ಎರಡು ಗಂಟು ಹಾಕಿದ. ಮರುವಾರ ಅದೇ ಸ್ಟೂಲು, ಅದೇ ಗೇಣು, ಅದೇ ಉಂಗುರ. ಮೈ ಜುಮ್ಮೆಂದಿತು. ಆದರೆ ಹೆದರಿದೆ ಎಂದು ಒಪ್ಪುವ ಪೈಕಿಯೇ ಅವನು? ಸಿಟ್ಟು ಬಂತು ಎಂದುಕೊಂಡು ಮೂರು ಗಂಟು ಹಾಕಿದ. ನಾಲ್ಕನೆಯ ವಾರ ಕ್ಲಿಪ್ಪು, ಮೊಳೆ, ಸುತ್ತಿಗೆ ಸಮೇತ ಬಂದ. ವಯರು ಮತ್ತೆ ಜೋತಿತ್ತು, ಸ್ಟೂಲು ಪಕ್ಕದಲ್ಲೇ ಇತ್ತು. “ಗೋಡೆಗೇ ಹೊಡೆದುಬಿಡ್ತೀನಿ. ಅದ್ಯಾರು ಬಿಚ್ತಾರೋ ನೋಡೇಬಿಡೋಣ!”

ಸಂಜೆಯಾಗಿತ್ತು. ಅತ್ತಿಗೆ ತೊಟ್ಟಿಯೊಳಗಿನ ಪಾಚಿ ತೆಗೆದು, ದೀಪ ಆರಿಸಲು ಒದ್ದೆ ಕೈಯನ್ನು ಪ್ಲಗ್ಗಿಗೆ ಚಾಚಿದರು. ದಿನವೂ ಹೀಗೆಯೇ ಅವರು. “ತಡೀರಿ, ನಾನು ತೆಗೀತೀನಿ” ಎಂದು ಬಗ್ಗಿದವನ ಪಾದದ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ತಲೆಯೆತ್ತಿದ. ತೊಟ್ಟಿಗೆ ಗಾಳಿ ಊದುವ ಪಂಪಿನ ಗುಳ್ಳೆ ಒಡೆದು ಸಿಡಿದ ನೀರು ದೀಪಕ್ಕೆ ಅಂಟಿ, ವಯರಿನಗುಂಟ ಇಳಿದು, ಆ ಹೊಟ್ಟೆಯ ತಳದಿಂದ ನೆಲಕ್ಕೆ ಬೀಳುತ್ತಿತ್ತು. ಹೊಟ್ಟೆ ಇಲ್ಲದಿದ್ದರೆ ಆ ನೀರು ನೇರ ಪ್ಲಗ್ಗಿನೊಳಕ್ಕೆ ಹೋಗುತ್ತಿತ್ತು.

ಮೇನ್ ಆರಿಸಿ ಬೋರ್ಡು ಬಿಚ್ಚಿದ. ಒಳಗೆ ಹಸಿರು ಕಿಲುಬು, ಒಂದು ಮೂಲೆಯಲ್ಲಿ ಸುಟ್ಟ ಕಲೆ. ಒಂದೆರಡು ವಾರದ್ದಲ್ಲ ಅದು, ತಿಂಗಳುಗಟ್ಟಲೆ ಹಳೆಯದು. ಅಯ್ಯೋ! ಆರು ತಿಂಗಳ ಹಿಂದೆ ಅಣ್ಣ, ಅತ್ತಿಗೆ ಇಬ್ಬರೂ ಊರಲ್ಲಿಲ್ಲದಾಗ ಮೀನಿಗೆ ಕಾಳು ಹಾಕಲು ಬಂದಿದ್ದ ತಾನೇ ಇದೇ ವಯರನ್ನು ಕಟ್ಟಿ ಹೋಗಿದ್ದ. ಅಣ್ಣ ಬಂದು ನೋಡಿ ಬೆನ್ನು ತಟ್ಟಲಿ ಎಂಬ ಆಸೆ.

“ಅತ್ತಿಗೆ... ಆವತ್ತು ಅಣ್ಣ ಏನು ಮಾಡ್ತಿದ್ರು?”

“ಊರಿಂದ ಬಂದು ಇದನ್ನ ನೋಡಿದ್ದೇ ತಡ, ಏನೋ ಬೈಕೊಂಡು ಸ್ಟೂಲು ಹತ್ತಿದ್ರು. ಬಿಚ್ಚಿ ಇಳಿದ್ರು, ಪ್ಲಗ್ಗಿಗೆ ಕೈ ಹಾಕಿದ್ರು. ಅಷ್ಟೇ. ಬೆರಳಿಗೆ ಬಿಳಿ ದಾರ ಸುತ್ಕೊಂಡಿದ್ರು, ಅದು ಹಾಗೇ ಇತ್ತು.”

ಅವನು ನೆಲದ ಮೇಲೆ ಕೂತು ಅತ್ತ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದ. “ಆ ದಾರ ನಂದು ಅತ್ತಿಗೆ. ಎದೆ ನಿಂತಿದ್ದು ತಾನಾಗಿ ಅಲ್ಲ, ಕರೆಂಟ್ ಹೊಡೆದು. ನಾನು ಕಟ್ಟಿದ್ರಿಂದ.”

ಅತ್ತಿಗೆ ಸ್ಟೂಲಿನ ಮೇಲೆ ಕೈಯಿಟ್ಟರು.

“ನೀನು ಕಟ್ಟಿ ಹೋದಾಗೆಲ್ಲ ಸ್ಟೂಲು ಎಳೆಯೋ ಸದ್ದು ಕೇಳ್ತಿತ್ತು” ಎಂದರು. “ಬಂದು ನೋಡಿದ್ರೆ ಯಾರೂ ಇರ್ತಿರ್ಲಿಲ್ಲ. ಮುದುಕಿಗೆ ಅರಳುಮರಳು ಅಂತೀಯ ಅಂತ ಸುಮ್ನಿದ್ದೆ.” ಸೆರಗಿನಿಂದ ಕಣ್ಣೊರೆಸಿಕೊಂಡರು. “ಇನ್ಮೇಲೆ ಕಟ್ಟಬೇಡಪ್ಪ. ಅವರಿಗೆ ಮೊಣಕಾಲು ನೋವು. ಹತ್ತಿ ಇಳಿಯೋದು ಕಷ್ಟ.”

ಅವನು ಸ್ಟೂಲನ್ನು ಅಡುಗೆಮನೆಯಲ್ಲಿಟ್ಟು ಬಂದ. ಆಮೇಲೆ ಚೀಲದಲ್ಲಿ ಕತ್ತರಿ ಇದೆಯೇ ಎಂದು ನೋಡಿಕೊಂಡು, ತಾನು ವಯರು ಕಟ್ಟಿದ್ದ ಮನೆಗಳಲ್ಲೆಲ್ಲ ಹತ್ತಿರದ, ಪಕ್ಕದ ಬೀದಿಯ ಮನೆಯತ್ತ ಓಡಿದ.