ಸೆವೆರೊ ತಾರ್ಕಿಯ ಗಟ್ಟಿ ರಕ್ತ

ಎಲ್ ಆಲ್ತೊ ನಿಲ್ದಾಣದಲ್ಲಿ ವಿಮಾನ ಇಳಿದ ಪರ ಊರಿನವರು ತೆಳು ಗಾಳಿಗೆ ತಲೆ ಸುತ್ತಿ ಮೊದಲು ಗೋಡೆ ಹಿಡಿದುಕೊಳ್ಳುತ್ತಾರೆ. ಕ್ಯಾಪ್ಟನ್ ಸೆವೆರೊ ತಾರ್ಕಿ ಅಲ್ಲೇ ಫುಟ್‌ಬಾಲ್ ಆಡಿ ಬೆಳೆದವನು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಹುಟ್ಟಿದ ತನ್ನಂಥವರ ರಕ್ತ ಗಟ್ಟಿ, ಆಮ್ಲಜನಕದ ಸಿಲಿಂಡರೇನಿದ್ದರೂ ತಗ್ಗಿನವರಿಗೆ ಎಂಬುದು ಅವನ ಧರ್ಮ.

ತಗ್ಗಿನ ಬೆನಿ ಬಯಲಿನ ದನದ ಮಾಂಸವನ್ನು ಹಿಮಬೆಟ್ಟಗಳ ಮೇಲಿನಿಂದ ಲಾ ಪಾಜ್ ಪೇಟೆಗೆ ತರುವುದು ಅವನ ಇಪ್ಪತ್ತಾರು ವರ್ಷದ ಕಸುಬು. ಆ ಮುದಿ ವಿಮಾನದಲ್ಲಿ ಒಳಗಿನ ಗಾಳಿಯೂ ಹೊರಗಿನಷ್ಟೇ ತೆಳು. ಮಾಂಸ ಕೆಡದೆ ತಲುಪುತ್ತಿತ್ತು. ಪೈಲಟ್‌ಗಳು ಹೇಗೆ ತಲುಪಿದರೆಂದು ಮಾಲೀಕ ವಿಚಾರಿಸಿದವನಲ್ಲ. ಸೀಟಿನ ಪಕ್ಕ ತೂಗುತ್ತಿದ್ದ ಆಮ್ಲಜನಕದ ಮುಖವಾಡವನ್ನು ಸೆವೆರೊ ದಂಡ ಮಾಡಿರಲಿಲ್ಲ. ಅದರಲ್ಲಿ ಜಗಿಯುವ ಕೋಕಾ ಎಲೆ ತುಂಬಿಟ್ಟಿದ್ದ.

ಆ ದಿನ ಮೋಡ ಎತ್ತರಕ್ಕಿತ್ತು. ಆರು ಸಾವಿರದ ಏಳುನೂರು ಮೀಟರಿಗೆ ಏರಬೇಕಾಯಿತು. ಸಹಪೈಲಟ್ ದೆಲ್ಮಿರಾ, ಬೆನಿಯ ಹುಡುಗಿ, ಮುಖವಾಡ ಕಟ್ಟಿಕೊಂಡಳು.

"ತಗ್ಗಿನ ಕೋಳಿಗೆ ಕುಲಾವಿ ನೋಡು," ಎಂದ ಸೆವೆರೊ.

"ಕೋಳಿ ಬದುಕಿರುತ್ತೆ ಕ್ಯಾಪ್ಟನ್ನೇ. ನೀವೂ ಹಾಕ್ಕೊಳ್ಳಿ."

ಉಸಿರು ಕಟ್ಟಿದರೆ ಮನುಷ್ಯ ಒದ್ದಾಡುತ್ತಾನೆ. ಗಾಳಿ ತೆಳುವಾದರೆ ಹಾಗಲ್ಲ. ಸತ್ತ ತಾಯಿ ಬಂದು ತಲೆ ನೇವರಿಸಿದಷ್ಟು ಹಿತ. ಅರ್ಧ ಗಂಟೆಯಲ್ಲಿ ಸೆವೆರೊಗೆ ಜಗತ್ತು ಬಹಳ ಸುಂದರವಾಗಿ ಕಂಡಿತು. ಹಾಡು ಬಂತು. ದಿನಚರಿ ಪುಸ್ತಕದಲ್ಲಿ ಎತ್ತರವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದ. ತನ್ನಷ್ಟು ಚೆನ್ನಾಗಿ ಹಾರಿಸುವವನು ಭೂಮಿಯ ಮೇಲಿಲ್ಲ ಎನಿಸಿತು. ಒಂದರ್ಥದಲ್ಲಿ ನಿಜವೇ: ಭೂಮಿಯ ಮೇಲೆ ನಿಂತು ಹಾರಿಸುವವರು ಯಾರೂ ಇಲ್ಲ.

"ಕ್ಯಾಪ್ಟನ್ನೇ, ದಿಕ್ಕಿನ ಮುಳ್ಳು ಬಲಕ್ಕೆ ತೋರಿಸ್ತಿದೆ, ನೀವು ಎಡಕ್ಕೆ ಹೋಗ್ತಿದೀರಿ. ಎಡಕ್ಕಿರೋದು ಬೆಟ್ಟ!"

"ಬೆಟ್ಟಕ್ಕೆ ನನ್ನ ಪರಿಚಯ ಇದೆ ಕಣೇ."

"ನಿಮ್ಮ ಉಗುರು ನೋಡಿ, ನೀಲಿ ಆಗಿದೆ!"

"ಮಸಿ ಅದು," ಎಂದು ನಕ್ಕ. ಚುಕ್ಕಾಣಿಗೆ ಚಾಚಿದ ಅವಳ ಕೈಗೆ ಪಟ್ಟನೆ ಹೊಡೆದ. ಹೊಡೆದದ್ದೂ ಅವನಿಗೆ ವಾತ್ಸಲ್ಯವೆನಿಸಿತು.

ಮೋಡ ಹರಿದಲ್ಲಿ ಹಿಮದ ಗೋಡೆ ಮಿನುಗಿತು. ದೆಲ್ಮಿರಾ ಅವನ ಮುಖವಾಡದ ಎಲೆಗಳನ್ನೆಲ್ಲ ಕೆಳಗೆ ಸುರಿದು ಅದನ್ನು ಅವನತ್ತ ಚಾಚಿದಳು. ದನಿಯನ್ನು ಮೆತ್ತಗೆ ಮಾಡಿಕೊಂಡಳು.

"ನನ್ನದರಲ್ಲಿ ಗಾಳಿ ಬರ್ತಿಲ್ಲ ಅನ್ಸುತ್ತೆ. ನಿಮ್ಮಷ್ಟು ಅನುಭವ ನಂಗೆಲ್ಲಿ? ಇದರಲ್ಲಿ ಬರುತ್ತಾ, ಸ್ವಲ್ಪ ನೋಡಿ ಹೇಳಿ."

ಅನುಭವ ಎಂಬ ಮಾತಿಗೆ ಸೆವೆರೊ ಎಂದೂ ಇಲ್ಲವೆಂದವನಲ್ಲ. ಮುಖವಾಡ ಮೂಗಿಗೊತ್ತಿಕೊಂಡು, ಪಾಠ ಹೇಳುವ ಮೇಷ್ಟರ ಹಾಗೆ ಎಳೆದೆಳೆದು ಉಸಿರಾಡಿದ. ಒಂದು, ಎರಡು, ಆರು. ಮಬ್ಬು ದೀಪಕ್ಕೆ ಎಣ್ಣೆ ಬಿದ್ದಂತೆ ಬಣ್ಣಗಳು ತಿರುಗಿ ಬಂದವು. ಮುಳ್ಳು ಕಂಡಿತು. ಗೋಡೆಯೂ ಕಂಡಿತು. ಅವನು ತಟ್ಟನೆ ವಿಮಾನವನ್ನು ಬಲಕ್ಕೆ ವಾಲಿಸಿದ. ಕೆಳಗಿಳಿಯುವವರೆಗೆ ಮುಖವಾಡ ತೆಗೆಯಲಿಲ್ಲ.

ಎಲ್ ಆಲ್ತೊದಲ್ಲಿ ಆಳುಗಳು ಮಾಂಸ ಹೊರುತ್ತಿದ್ದರು. ಸೆವೆರೊ ದಿನಚರಿ ತೆರೆದ. ಮುತ್ತಿನಂಥ ಅಕ್ಷರವಿರಬೇಕಾದ ಕಡೆ ಒಂದೇ ಅಂಕಿ ನಾಲ್ಕು ಸಲ ಒಂದರ ಮೇಲೊಂದು ಬಿದ್ದಿತ್ತು. ಆಮೇಲೆ ಒಂದು ಗೆರೆ, ಇರುವೆ ದಾರಿ ತಪ್ಪಿದಂತೆ, ಹಾಳೆಯ ಅಂಚಿನವರೆಗೆ.

"ಇದನ್ನ ನಾನು ಬರೆದಿದ್ದಾ?"

"ಹಾಡ್ಕೊಂಡು ಬರೆದ್ರಿ."

ಅವನು ದಿನಚರಿ ಮುಚ್ಚಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ:

"ಇನ್ಮೇಲೆ ಮೇಲೆ ಹೋದಾಗ ನಾನು ಜಾಸ್ತಿ ಖುಷಿಯಾಗಿದ್ರೆ, ಕೇಳ್ಬೇಡ ಮಗಳೇ. ಮುಖವಾಡ ಕಟ್ಟಿಬಿಡು."