ಬುದ್ಧಿ ಅಲ್ಲ, ಬುದ್ಧ

ನಮ್ಮ ಕೋಚ್ ಸರ್ ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಬರಿಗಾಲಲ್ಲಿ ಫುಟ್‌ಬಾಲ್ ಒದ್ದು ಒದ್ದು ಕಲಿತ ಕಾಲು ಅದು. ಚಿಂತಾಮಣಿಯಲ್ಲಿ ನಮ್ಮ ಕಾಲೇಜಿಗಿಂತ ಅವರೇ ಹೆಸರುವಾಸಿ; ಗೌರಿಬಿದನೂರು, ಶಿಡ್ಲಘಟ್ಟದ ಟೀಮಿನವರೂ ಕಂಡಲ್ಲಿ ಬಂದು ಕೈ ಕುಲುಕಿ ಹೋಗುತ್ತಿದ್ದರು.

ಮ್ಯಾಚಿಗೆ ಮೊದಲು ನಮ್ಮನ್ನೆಲ್ಲ ಸುತ್ತ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. ಉಸಿರು ನೋಡ್ಕೊಳ್ಳಿ, ಅಷ್ಟೇ. ನನಗೋ ಕೂತಲ್ಲಿ ಕೂರೋ ಜಾಯಮಾನವೇ ಅಲ್ಲ. ಕಾಲು ಜುಮ್ಮೆನ್ನುತ್ತಿತ್ತು, ಮೂಗು ನವೆಯಾಗುತ್ತಿತ್ತು, ಒಂದು ಕಣ್ಣು ತಾನಾಗಿ ತೆರೆದುಕೊಳ್ಳುತ್ತಿತ್ತು. "ಬುದ್ಧ ನಮ್ಮನ್ನ ಗೆಲ್ಲಿಸ್ತಾನಾ ಸರ್?" ಅಂತ ಒಮ್ಮೆ ಕೆಣಕಿದೆ. "ಗೆಲ್ಲೋಕೆ ಕಾಲಿದೆ ಕಣಮ್ಮ. ಹೆದರ್ಕೆ ಬಂದಾಗ ಬುದ್ಧ," ಅಂದರು. ಬಸ್ಸಿನ ಚಕ್ರಕ್ಕೆ ನಾವು ನಿಂಬೆಹಣ್ಣು ಇಟ್ಟರೂ ಬೈಯುತ್ತಿರಲಿಲ್ಲ. "ಶರಬತ್ತಿಗೂ ಎರಡು ಉಳಿಸ್ರಮ್ಮ" ಅನ್ನೋರು.

ಚಿಕ್ಕಬಳ್ಳಾಪುರದ ಫೈನಲ್ಲಿಗೆ ಕೆಂಚಾರ್ಲಹಳ್ಳಿಯಿಂದ ನಮ್ಮ ತಾತ ಬಂದರು. ಜಮೀನಿನ ಗತ್ತು ಜೋರು, ಕಿವಿ ಮಾತ್ರ ಮಂದ. ಹೆಣ್ಣುಹುಡುಗಿ ಚಡ್ಡಿ ಹಾಕ್ಕೊಂಡು ಆಡೋದು ಮೊದಲೇ ಅವರಿಗೆ ಆಗದು. ಆಡಿಸೋರು ಎಂಥವರೋ ನೋಡಿಕೊಂಡೇ ಮುಂದಿನ ಮಾತು ಅಂದಿದ್ದರು. ಬಂದವರೇ ಸರ್‌ನ ಕೇಳಿದರು: "ತಮ್ಮ ಮನೆದೇವ್ರು ಯಾವ್ದು?" ನಮ್ಮ ಕಡೆ ಜಾತಿ ಕೇಳುವ ಮರ್ಯಾದಸ್ಥ ದಾರಿ ಅದು.

"ಬುದ್ಧ," ಅಂದರು ಸರ್.

ತಾತನಿಗೆ ಅದು 'ಬುದ್ಧಿ' ಅಂತ ಕೇಳಿಸಿತು. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರು ಕೈಕಟ್ಟಿ ನಿಂತು ಅವರನ್ನು ಕರೆಯುತ್ತಿದ್ದದ್ದು ಹಾಗೇ. ಮುಖ ಅರಳಿತು. "ಪರವಾಗಿಲ್ಲ, ಓದಿದ್ರೂ ನಡತೆ ಮರ್ತಿಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸಲೀಸಾಗಿ ಮುಗಿದುಹೋಗುತ್ತಿತ್ತು. ಸುಮ್ಮನಿರಿ ಸರ್, ಸುಮ್ಮನಿರಿ ಅಂತ ಒಳಗೊಳಗೇ ಬೇಡಿಕೊಂಡೆ. ಸರ್ ತಾತನ ಕಿವಿಯ ಹತ್ತಿರ ಬಗ್ಗಿ ಬಿಡಿಸಿ ಹೇಳಿದರು: "ಬುದ್ಧಿ ಅಲ್ಲ ಯಜಮಾನ್ರೆ, ಬುದ್ಧ. ಬುದ್ಧಿ ಅನ್ನೋದು ನಮ್ಮಪ್ಪನ ಕಾಲಕ್ಕೇ ಮುಗೀತು."

ತಾತ ನನ್ನ ಕಡೆ ತಿರುಗಿದರು. "ನಡಿಯಮ್ಮ ಮನೆಗೆ."

ಸರ್ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಸಿಟ್ಟು ಬಂತು ನನಗೆ. "ಹೋಗ್ತೀಯೋ ಇರ್ತೀಯೋ, ನೀನೇ ನೋಡ್ಕೊಮ್ಮ," ಅಂದವರೇ ಹೋಗಿ ಹುಡುಗಿಯರ ನಡುವೆ ಕೂತು ಕಣ್ಣು ಮುಚ್ಚಿದರು. ನಾನೂ ಹೋಗಿ ಕೂತೆ. ಆವತ್ತು ಮಾತ್ರ ಕಣ್ಣು ತೆರೆಯಲು ಧೈರ್ಯವಾಗಲಿಲ್ಲ. ಎದ್ದು ನೋಡಿದರೆ ತಾತ ಹೊರಟುಹೋಗಿದ್ದರು.

ಮ್ಯಾಚು ಸೋತೆವು. ತಾತ ಬಹಳ ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ನಾನು ಆಟ ಬಿಡಲಿಲ್ಲ.

ಹೋದ ಬೇಸಿಗೆಯಲ್ಲಿ ಸರ್ ತೀರಿಕೊಂಡರು. ಮಣ್ಣು ಮಾಡುವಾಗ ಎಲ್ಲರೂ ಕಣ್ಣು ಮುಚ್ಚಿ ನಿಂತರು. ನಾನು ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತ ಅತ್ತೆ. ಧ್ಯಾನ ನನಗೆ ಕೊನೆಗೂ ಬರಲಿಲ್ಲ. ಆದರೆ ಯಾರೋ 'ನಡಿ' ಅಂದ ತಕ್ಷಣ ಎದ್ದು ಹೋಗೋದನ್ನ ಆ ಫೈನಲ್ಲಿನ ದಿನವೇ ಬಿಟ್ಟೆ.