ಬಚ್ಚಲ ಕಲ್ಲಿನ ಕೆಳಗೆ ಹೂತ ಗೆಡ್ಡೆ

ಆಗ ನನಗೆ ಇಪ್ಪತ್ತೊಂದು. ಅರವತ್ತು ವರ್ಷದ ಮೇಲಾಯಿತು. ಸುಳ್ಳು ಅನ್ನುವವರು ಅನ್ನಲಿ, ಕೈಯಾರೆ ಮುಟ್ಟಿದವಳು ನಾನು.

ಹೊಳೆನರಸೀಪುರದ ಹತ್ತಿರ ನಮ್ಮೂರು. ಅತ್ತೆಯ ಹೊಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ಗೆಡ್ಡೆ ಬೆಳೆದಿತ್ತು. ಹಾಸನಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು.

"ಪೂರ್ತಿ ತೆಗೆದಿದ್ದೀವಿ. ಆದರೆ ಇದು ಕೆಟ್ಟ ಗೆಡ್ಡೆ. ಒಳಗೇ ಬೇರೆ ಕಡೆ ಹಬ್ಬಿದರೆ ನಮ್ಮ ಕೈಲಿ ಏನೂ ಆಗಲ್ಲ" ಅಂದರು ಡಾಕ್ಟರು.

ಅತ್ತೆ ಅದನ್ನು ಅಲ್ಲೇ ಬಿಟ್ಟು ಬರಲಿಲ್ಲ. "ನನ್ ಮೈಯಿಂದ ಬಂದಿದ್ದು ನಾಯಿ ಬಾಯ್ಗೆ ಬೀಳ್ಬಾರ್ದು" ಅಂತ ಹಟ ಹಿಡಿದು ಮಡಕೆಯಲ್ಲಿ ಹಾಕಿಸಿಕೊಂಡು ತಂದಳು.

ನಮ್ಮ ಮನೆಯಲ್ಲಿ ಹೆರಿಗೆಯಾದರೆ ಮಾಸನ್ನು ಬಚ್ಚಲಲ್ಲಿ ಹೂತು, ಮೇಲೆ ಕಲ್ಲು ಹಾಕಿ, ಬಾಣಂತಿಯನ್ನು ಅದರ ಮೇಲೆ ಕೂರಿಸಿ ಬಿಸಿನೀರು ಹುಯ್ಯುವುದು ರೂಢಿ. ಒಳಗಿನ ಹಸಿಗಾಯ ಬೇಗ ಮಾಯುತ್ತದಂತೆ. ಅತ್ತೆ ಗೆಡ್ಡೆಯನ್ನೂ ಹಾಗೇ ಹೂಳಿಸಿದಳು. ನನ್ನ ಕೈಯಲ್ಲೇ.

"ನಿನ್ನೊಟ್ಟೆಯಿಂದಂತೂ ಏನೂ ಬೀಳ್ಲಿಲ್ಲ. ನನ್ದನ್ನಾದ್ರೂ ಊಳು, ಬಂಜೆ. ನಾನೆದ್ದು ಓಡಾಡಂಗಾಗ್ಲಿ, ಅರಕಲಗೂಡಿಂದ ನನ್ ಮಗಂಗೆ ಇನ್ನೊಂದ್ ಎಣ್ ತತ್ತೀನಿ. ನೀನು ಕೊಟ್ಗೇಲಿ ಸಗಣಿ ಬಳ್ಕೊಂಡು ಬಿದ್ದಿರು."

ಗಂಡ ಪಕ್ಕದಲ್ಲೇ ಬೀಡಿ ಸೇದುತ್ತಿದ್ದ. ಬೂದಿ ಕೊಡವಿ ಇನ್ನೊಂದು ಹಚ್ಚಿದ.

ಅವಳು ಎದ್ದರೆ ನನಗೆ ಕೊಟ್ಟಿಗೆಯೇ ಗತಿ. ಆದರೂ ದಿನಾ ನೀರು ಹುಯ್ದೆ. ಎದ್ದಳು. ಮೊದಲು ಚೇತರಿಸಿಕೊಂಡಿದ್ದು ಬಾಯಿ.

ಹೆಣ್ಣು ನೋಡಲು ಹೊರಡುವ ಹಿಂದಿನ ರಾತ್ರಿ... "ಒಟ್ಟೆ ಬಿಗೀತದೆ, ಅಳ್ಳೆಣ್ಣೆ ತಿಕ್ಕೇ" ಅಂದಳು. ತಿಕ್ಕಿದೆ. ಹೊಲಿಗೆಯ ಪಕ್ಕ ಚರ್ಮದಡಿ ಗೋಲಿಯಂಥದ್ದು ಸಿಕ್ಕಿತು. ಇನ್ನೊಂದು. ಪಕ್ಕೆಯ ಕೆಳಗೆ ಗೊಂಚಲೇ...

"ಯಾಕೇ ಕೈ ನಿಲ್ಸ್ದೆ?"

"ಏನಿಲ್ಲ ಕಣತ್ತೆ."

ಆಗ ಬಚ್ಚಲಿಂದ ಸದ್ದು. ಕಲ್ಲಿಗೆ ಕಲ್ಲು ಉಜ್ಜಿದಂತೆ... ಬಲು ನಿಧಾನ.

ಬುಡ್ಡಿ ಹಿಡಿದು ಹೋದೆ. ಕಲ್ಲಿನ ಒಂದು ಮಗ್ಗುಲು ಮೇಲೆದ್ದಿತ್ತು. ಕೊಳೆತ ನಾತವಲ್ಲ; ಹೆರಿಗೆ ಕೋಣೆಯ ಹಸಿ ವಾಸನೆ. ಸಂದಿಯಲ್ಲಿ ಕೈ ಹಾಕಿದೆ. ಮಣ್ಣು ಮೈಯಂತೆ ಬೆಚ್ಚಗಿತ್ತು. ಹೂತಿದ್ದು ಒಂದೇ ಗೆಡ್ಡೆ. ಬೆರಳಿಗೆ ಸಿಕ್ಕಿದ್ದು ಗೋಲಿಗಳು, ಗೊಂಚಲು ಗೊಂಚಲು... ನಾನು ಹುಯ್ದ ನೀರು ಕುಡಿದು ಅದು ಮರಿ ಹಾಕಿತ್ತು.

ಒಂದನ್ನು ಹಿಸುಕಿದೆ.

ಒಳಗೆ ಅತ್ತೆ ಚೀರಿದಳು.

ಬಿಟ್ಟೆ. ಚೀರಾಟ ನಿಂತಿತು.

"ಏನ್ ಮಾಡ್ತಿದ್ದೀಯೇ ಅಲ್ಲಿ, ಮುಂಡೆ?"

"ಕಲ್ಲು ಅಲ್ಲಾಡ್ತಿತ್ತು ಕಣತ್ತೆ, ಸರಿ ಮಾಡ್ದೆ. ಮನಿಕ್ಕಳಿ."

ಅದೇನೋ, ಹೇಗೋ, ನನಗೆ ಇವತ್ತಿಗೂ ತಿಳಿಯದು. ಅತ್ತೆ ಮುಂದಿನ ಯುಗಾದಿ ಕಾಣಲಿಲ್ಲ. ನಾನು ಕೊಟ್ಟಿಗೆಗೆ ಹೋಗಲಿಲ್ಲ. ಆದರೆ ಮುದ್ದೆ ಕಟ್ಟುವಾಗ ಗಂಟು ಕೈಗೆ ಸಿಕ್ಕರೆ ಈಗಲೂ ಹಿಸುಕುವುದಿಲ್ಲ... ಎಲ್ಲಿ ಯಾರು ಚೀರುತ್ತಾರೋ.

ಆ ರಾತ್ರಿ ಕಳೆದು ಮಾರನೆಯ ಬೆಳಗ್ಗೆ ಅತ್ತೆ ಕೂಗಿದ್ದಳು: "ಎಣ್ ನೋಡಕ್ ಓಗ್ಬೇಕು, ನೀರ್ ಕಾಯ್ಸೇ. ಇವತ್ತು ಜಾಸ್ತಿ ಉಯ್ಯಿ."

ಹಂಡೆ ತುಂಬ ಕಾಯಿಸಿದೆ. ಅದೇ ಕಲ್ಲಿನ ಮೇಲೆ ಕೂರಿಸಿ, ಕೊನೆಯ ಚೊಂಬಿನವರೆಗೂ ಹುಯ್ದೆ.